ಅಪ್ಪ ಹಾಕಿದ ಎರಡು ಜಡೆ

ತರೀಕೆರೆ ಸೀಮೆಯಲ್ಲಿ ಅಡಿಕೆ ಸುಗ್ಗಿ ಶುರುವಾಯಿತೆಂದರೆ ಹೆಂಗಸರಿಗೆ ಕೋಳಿ ಕೂಗುವ ಮೊದಲೇ ಬೆಳಗಾಗುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತವರಿಗೆ ಕೂಲಿ ಸುಲಿದಷ್ಟಕ್ಕೆ. ಬೇಗ ಹೋದಷ್ಟೂ ಕಾಸು ಹೆಚ್ಚು. ಅಜ್ಜಂಪುರದ ಕಡೆ ಈರುಳ್ಳಿ ಕೀಳುವ ಕಾಲದಲ್ಲೂ ಅವಸರವೇ. ನೌಕರಿಯಲ್ಲಿರುವ ತಾಯಂದಿರು ಕಡೂರು, ಬೀರೂರಿನಲ್ಲಿ ಬೆಳಗಿನ ರೈಲು ಹಿಡಿಯಬೇಕು. ಇತ್ತ ಮನೆಯಲ್ಲಿ ಶಾಲೆಗೆ ಹೊರಟ ಹೆಣ್ಣುಮಕ್ಕಳಿಬ್ಬರು ಕೆದರಿದ ತಲೆಯಲ್ಲಿ ಟೇಪು ಹಿಡಿದು ನಿಂತಿರುತ್ತಾರೆ. ಎದುರಿಗಿರುವುದು ಅಪ್ಪ ಒಬ್ಬನೇ.

ಆಗ ಪಕ್ಕದ ಮನೆ ಅಜ್ಜಿಯನ್ನು ಕೂಗುವುದು, ಇಲ್ಲವೇ ಮಕ್ಕಳಿಗೆ ಬಾಬ್ ಕಟ್ ಮಾಡಿಸಿಬಿಡುವುದು ನಮ್ಮಲ್ಲಿ ರೂಢಿ. ಜಡೆ ಹಾಕುವುದು ಗಂಡಸರ ಕೆಲಸವೇ ಎಂದು ಕೇಳುವವರೂ ಇದ್ದಾರೆ. ಯಾಕಾಗಬಾರದು? ತೆಂಗಿನ ನಾರು ಹೊಸೆದು ಹಗ್ಗ ಮಾಡಿದ ಕೈಗಳು ಈ ಸೀಮೆಯವು. ಅಮೃತಮಹಲ್ ರಾಸುಗಳ ತಳಿ ಕೇಂದ್ರವಿರುವ ಅಜ್ಜಂಪುರದ ಸುತ್ತ, ಹಬ್ಬ ಬಂತೆಂದರೆ ಎತ್ತಿನ ಮೈ ತೊಳೆದು, ಕೊಂಬು ಸವರಿ, ಬಣ್ಣ ಬಳಿದು, ಕುಚ್ಚು ಕಟ್ಟುವವರು ಗಂಡಸರೇ. ಸಂತೆ ಬೀದಿಯಲ್ಲಿ ಮಾತಾಡುತ್ತಲೇ ಮಾರುಗಟ್ಟಲೆ ಕನಕಾಂಬರ ಕಟ್ಟುವ ಗಂಡಸರ ಬೆರಳ ಚುರುಕನ್ನು ಯಾರು ನೋಡಿಲ್ಲ? ಆ ಬೆರಳುಗಳಿಗೆ ಮಗಳ ಮೂರು ಹಿಡಿ ಕೂದಲು ಕಷ್ಟವಾಗಲಾರದು.

ಕಷ್ಟವಿರುವುದು ಸಿಕ್ಕಿನಲ್ಲಿ. ಬಾಚಣಿಗೆಯನ್ನು ನೆತ್ತಿಯಿಂದ ಎಳೆದರೆ ಮಗು ಚೀರುತ್ತದೆ, ಮರುದಿನ ಹತ್ತಿರವೂ ಸುಳಿಯುವುದಿಲ್ಲ. ಕೂದಲನ್ನು ಬುಡದ ಹತ್ತಿರ ಒಂದು ಕೈಯಲ್ಲಿ ಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬಿಡಿಸುತ್ತಾ ಬರಬೇಕು. ಹಾಗೆ ಮಾಡಿದರೆ ಎಳೆತ ತಲೆಗೆ ತಟ್ಟುವುದಿಲ್ಲ. ಅಕ್ಕನದು ನೇರ ಕೂದಲು, ತಂಗಿಯದು ಗುಂಗುರು ಆಗಿದ್ದರೆ ತಂಗಿಗೆ ಅಗಲ ಹಲ್ಲಿನ ಬಾಚಣಿಗೆ, ನಾಲ್ಕು ಹನಿ ಎಣ್ಣೆ, ಹೆಚ್ಚು ಹೊತ್ತು ಬೇಕು. ಆಮೇಲೆ ಹಣೆಯಿಂದ ಕುತ್ತಿಗೆಯವರೆಗೆ ನೆಟ್ಟಗೆ ಬೈತಲೆ. ಒಂದೊಂದು ಬದಿಗೂ ಮೂರು ಕಾಲು. ಬಲಗಾಲು ನಡುವಿನದರ ಮೇಲೆ, ಎಡಗಾಲು ಮತ್ತೆ ನಡುವಿನದರ ಮೇಲೆ. ಟೇಪನ್ನು ಅರ್ಧ ಜಡೆಯಿಂದಲೇ ಸೇರಿಸಿ ಹೆಣೆದು, ಜಡೆ ಮಡಿಚಿ ಬುಡಕ್ಕೆ ಕಟ್ಟಿದರೆ ಸಂಜೆ ಗಂಟೆ ಹೊಡೆಯುವವರೆಗೆ ಜಾರುವುದಿಲ್ಲ. ಗಂಡಸರ ಕೈಗೆ ಬಿಗಿ ಜಾಸ್ತಿ, ಅದೊಂದು ಗಮನದಲ್ಲಿರಲಿ: ದಿನವೂ ಎಳೆದು ಕಟ್ಟಿದರೆ ಹಣೆಯಂಚಿನ ಕೂದಲು ಉದುರತೊಡಗುತ್ತದೆ. ಹೇನು ಕಂಡರೆ ಮಗುವನ್ನು ಬೈಯುವುದು ಬೇಡ, ಸೀರಣಿಗೆ ತನ್ನಿ. ಮೊಗ್ಗಿನ ಜಡೆ ದೊಡ್ಡ ವಿದ್ಯೆ, ಅದಕ್ಕೆ ಅವಸರವಿಲ್ಲ.

ಅಪ್ಪಂದಿರ ಈ ಪಾಡು ಊರೂರಿಗೂ ಉಂಟು. ಅಮೆರಿಕದ ಮ್ಯಾಥ್ಯೂ ಚೆರ್ರಿ ರೂಪಿಸಿದ 'ಹೇರ್ ಲವ್' ಎಂಬ ಪುಟ್ಟ ಅನಿಮೇಷನ್ ಚಿತ್ರದಲ್ಲಿ, ತಾಯಿ ಆಸ್ಪತ್ರೆಯಲ್ಲಿರುವಾಗ ಕಪ್ಪುವರ್ಣೀಯ ತಂದೆಯೊಬ್ಬ ಮಗಳ ದಟ್ಟ ಗುಂಗುರು ಕೂದಲಿನೊಂದಿಗೆ ಹೆಣಗಾಡುತ್ತಾನೆ. 2020ರಲ್ಲಿ ಅದಕ್ಕೆ ಆಸ್ಕರ್ ಬಂತು. ನಮ್ಮ ಮನೆಗಳಲ್ಲೂ ತಾಯಿ ಬಾಣಂತನಕ್ಕೆ ತವರಿಗೆ ಹೋಗುತ್ತಾಳೆ, ಕಾಯಿಲೆ ಬೀಳುತ್ತಾಳೆ, ಕೆಲವೊಮ್ಮೆ ಇಲ್ಲವಾಗುತ್ತಾಳೆ. ಅಂಥ ಮನೆಯ ಮಗು ಕೆದರಿದ ತಲೆಯಲ್ಲಿ ಶಾಲೆಗೆ ಬಂದರೆ ತರಗತಿಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದು ಮಗುವಿನ ಮರ್ಯಾದೆಯ ಪ್ರಶ್ನೆ.

ಇನ್ನೊಂದು ಮಾತು. ಜಡೆ ಹಾಕಿಸಿಕೊಳ್ಳುವ ಮಗಳು ಅಪ್ಪನಿಗೆ ಬೆನ್ನು ಮಾಡಿ ಕೂತಿರುತ್ತಾಳೆ. ಮುಖ ಕಾಣದಿರುವುದರಿಂದಲೋ ಏನೋ, ಯಾರು ಜೊತೆಗೆ ಕೂರಿಸಿಕೊಳ್ಳಲಿಲ್ಲ, ಯಾವ ಲೆಕ್ಕ ತಲೆಗೆ ಹತ್ತಲಿಲ್ಲ ಎಂಬುದೆಲ್ಲ ಆಗ ಹೊರಬರುತ್ತದೆ. ಹೊಲ, ತೋಟ, ಅಂಗಡಿಯ ಗಡಿಬಿಡಿಯಲ್ಲಿ ಮಕ್ಕಳ ಮಾತು ಕೇಳುವ ಇಷ್ಟು ಒಳ್ಳೆಯ ಹೊತ್ತು ತಂದೆಗೆ ಬೇರೆ ಸಿಗುವುದಿಲ್ಲ.

ಶಾಲೆಗಳ ಎಸ್‌ಡಿಎಂಸಿಗಳು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು) ಪೋಷಕರ ಸಭೆಯಲ್ಲಿ ಅರ್ಧ ಗಂಟೆ ಅಪ್ಪಂದಿರ ಜಡೆ ಪಾಠಕ್ಕೆ ಕೊಡಲಿ. ಕಲಿಸಲು ಊರಿನ ಅಜ್ಜಿಯರು ಸಾಕು. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಭಾನುವಾರ ಶಾಲೆಗೆ ರಜೆ. ಅಂದು ಹೆಂಡತಿಯನ್ನೋ ಅಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಮಗಳ ತಲೆಗೆ ಎಣ್ಣೆ ಹಚ್ಚಿ, ಒಂದು ಜಡೆ ಅವರು ಹಾಕಲಿ, ಇನ್ನೊಂದನ್ನು ನೀವು ಹಾಕಿ.