ಮೊದಲು ಊರು, ಆಮೇಲೆ ಕೋರ್ಟು

ಸರ್ಕಾರಿ ಕಡತಗಳಲ್ಲಿ ‘ಸಿ ಮತ್ತು ಡಿ’ ಎಂಬ ದರ್ಜೆಯ ಭೂಮಿಯಿದೆ. ಸಾಗುವಳಿಗೆ ಅಷ್ಟಾಗಿ ಒದಗದ, ಯಾರ ಹೆಸರಿನಲ್ಲೂ ಇಲ್ಲದ ನೆಲ. ಊರಿನವರ ಪಾಲಿಗೆ ಅದು ಎಂದೂ ಪಾಳು ಜಾಗವಾಗಿರಲಿಲ್ಲ. ದನ ಕುರಿ ಮೇಯುತ್ತಿದ್ದುದು ಅಲ್ಲಿ, ಒಲೆಗೆ ಉರುವಲು ಬರುತ್ತಿದ್ದುದು ಅಲ್ಲಿಂದ. ಹೊಲವಿಲ್ಲದವರು ನಾಲ್ಕು ಆಡು ಸಾಕಿ ಬದುಕುತ್ತಿದ್ದುದೂ ಅದನ್ನು ನಂಬಿಯೇ. 1984ರಲ್ಲಿ ರಾಜ್ಯ ಸರ್ಕಾರ, ಅವಿಭಜಿತ ಧಾರವಾಡವೂ ಸೇರಿ ನಾಲ್ಕು ಜಿಲ್ಲೆಗಳ ಇಂಥ ಸುಮಾರು 75,000 ಎಕರೆಯನ್ನು ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್‌ ಎಂಬ ಹೊಸ ಕಂಪನಿಗೆ ಗೊತ್ತುಮಾಡಿತು. ಅದರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮದ ಪಾಲು ಶೇ 51, ಹರಿಹರ ಪಾಲಿಫೈಬರ್ಸ್‌ನ ಪಾಲು ಶೇ 49. ಪಾಲಿಫೈಬರ್ಸ್ ಕಾರ್ಖಾನೆಗೆ ತಿರುಳು ತೆಗೆಯಲು ಮರ ಬೇಕಿತ್ತು. ಅದಕ್ಕಾಗಿ ನೀಲಗಿರಿ ನೆಡುವುದೆಂದಾಯಿತು. ನೀಲಗಿರಿ ಎಲೆಗೆ ದನ ಬಾಯಿ ಹಾಕುವುದಿಲ್ಲ. ಆ ನೆಲವನ್ನು ನೆಚ್ಚಿಕೊಂಡವರನ್ನು ಯಾರೂ ಕೇಳಲಿಲ್ಲ.

ಈ ಕೇಳದಿರುವುದನ್ನೇ ಪ್ರಶ್ನೆಯಾಗಿ ಎತ್ತಿಕೊಂಡದ್ದು ಧಾರವಾಡದ ಸಮಾಜ ಪರಿವರ್ತನ ಸಮುದಾಯ. ಅಮೆರಿಕದಲ್ಲಿ ಓದಿ, ಷಿಕಾಗೊದಲ್ಲಿ ಉದ್ಯೋಗದಲ್ಲಿದ್ದ ಎಸ್.ಆರ್. ಹಿರೇಮಠ 1979ರಲ್ಲಿ ಪತ್ನಿ ಶ್ಯಾಮಲಾ ಅವರೊಂದಿಗೆ ಮರಳಿ ಬಂದು ನೆಲೆಸಿದ್ದು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ. ಐದು ವರ್ಷ ಅಲ್ಲಿ ಗ್ರಾಮಾಭಿವೃದ್ಧಿಯ ಕೆಲಸ ಮಾಡಿದ ಮೇಲೆ, 1984ರಲ್ಲಿ, ಗೆಳೆಯರ ಜೊತೆಗೂಡಿ ಈ ಸಂಸ್ಥೆ ಕಟ್ಟಿದರು. ಸಂಸ್ಥೆಯ ಮುಂದಿನ ನಡೆಯನ್ನೆಲ್ಲ ರೂಪಿಸಿದ್ದು ಆ ಐದು ವರ್ಷಗಳೇ ಎಂದು ನನಗನಿಸುತ್ತದೆ. ಹಳ್ಳಿಯ ಸಂಕಟವನ್ನು ವರದಿಯಲ್ಲಿ ಓದಿ ತಿಳಿದವರಿಗೂ ಹಳ್ಳಿಯಲ್ಲಿದ್ದು ಕಂಡವರಿಗೂ ವ್ಯತ್ಯಾಸ ಬಹಳ.

ಮೊದಲ ಹೋರಾಟ ಹೊಳೆಯದು. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿದ್ದ ಅದೇ ಕಾರ್ಖಾನೆಯ ಕೊಳೆನೀರು ತುಂಗಭದ್ರೆ ಸೇರುತ್ತಿತ್ತು. ಮೀನು ಹಿಡಿದು ಬದುಕುವವರಿಗೂ, ಹೊಳೆಯನ್ನೇ ನಂಬಿದ ಕೆಳದಂಡೆಯ ಹಳ್ಳಿಗಳಿಗೂ ಅದು ದಿನನಿತ್ಯದ ಪಾಡು. ನೀರಿನ ಮಾಲಿನ್ಯ ತಡೆಯುವ ಕಾಯ್ದೆ 1974ರಿಂದಲೇ ಇತ್ತು, ಅದನ್ನು ಜಾರಿಗೆ ತರುವ ಮಂಡಳಿಯೂ ಇತ್ತು. ಹೈಕೋರ್ಟಿನಲ್ಲಿ ಸಮುದಾಯ ಹೂಡಿದ ದಾವೆಯ ತಿರುಳು ಇಷ್ಟೆ: ಕಾಯ್ದೆ ಕೊಟ್ಟ ಅಧಿಕಾರವನ್ನು ಮಂಡಳಿ ಚಲಾಯಿಸುತ್ತಿಲ್ಲ. ಹೊಸ ಕಾನೂನು ಬೇಡುವ ಬದಲು ಇರುವ ಕಾನೂನನ್ನೇ ದುಡಿಸಿಕೊಳ್ಳುವ ಈ ಪಟ್ಟು ಮುಂದೆಯೂ ಸಡಿಲಲಿಲ್ಲ.

ನೀಲಗಿರಿಯ ಭೂಮಿಗಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು 1986ರ ಕೊನೆಗೆ. ಅರ್ಜಿದಾರರ ಸಾಲಿನಲ್ಲಿ ಮೊದಲಿಗರು ಶಿವರಾಮ ಕಾರಂತರು. ಆಗ ಅವರಿಗೆ 84 ವರ್ಷ. ಗ್ರಾಮಸ್ಥರನ್ನು ಕೇಳದೆ ಸಾಮೂಹಿಕ ಭೂಮಿಯನ್ನು ಒಂದು ಕಂಪನಿಗೆ ಒಪ್ಪಿಸುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಿಗೆ ವಿರುದ್ಧ ಎಂಬುದು ವಾದ. 1987ರ ಮಾರ್ಚ್ 24ರಂದು, ಇನ್ನಷ್ಟು ಭೂಮಿ ಕಂಪನಿಗೆ ಹೋಗದಂತೆ ಕೋರ್ಟು ತಡೆ ಕೊಟ್ಟಿತು.

ತಡೆಯಾಜ್ಞೆ ಸಿಕ್ಕಿತೆಂದು ಕೈಕಟ್ಟಿ ಕೂತಿದ್ದರೆ ಈ ಸಂಸ್ಥೆಯ ಬಗ್ಗೆ ಬರೆಯುವುದಕ್ಕೆ ಇಷ್ಟೊಂದು ಇರುತ್ತಿರಲಿಲ್ಲ. ಆಗಲೇ ಕಂಪನಿಯ ಕೈಸೇರಿದ್ದ ನೆಲದಲ್ಲಿ ನೀಲಗಿರಿ ಎದ್ದು ನಿಂತಿತ್ತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಸೇರಿದರು. ಹೆಂಗಸರು, ಮಕ್ಕಳು, ಸುತ್ತಲಿನ ಹಳ್ಳಿಗಳ ರೈತರು. ಅದಕ್ಕೂ ಮೊದಲು ಕಾರ್ಯಕರ್ತರಿಗೆ ಅಹಿಂಸೆಯ ತರಬೇತಿ ಶಿಬಿರ ನಡೆದಿತ್ತು. ವಾದ್ಯಗಳ ಹಿಂದೆ ಮೆರವಣಿಗೆಯಲ್ಲಿ ನೆಡುತೋಪಿಗೆ ಹೋದವರು ಸುಮಾರು ನೂರು ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ಹಣ್ಣಿಗೆ, ಮೇವಿಗೆ ಒದಗುವ ಗಿಡಗಳನ್ನು ಹಚ್ಚಿದರು. ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಎಂದೇ ಅದಕ್ಕೆ ಹೆಸರು. ಶಿರಸಿ ಸೀಮೆಯ ಅಪ್ಪಿಕೊ ಚಳವಳಿ ಆಗಿನ್ನೂ ನಾಲ್ಕು ವರ್ಷದ್ದು. ಅಲ್ಲಿ ಮರ ಉಳಿಸಲು ಜನ ಮರವನ್ನು ತಬ್ಬಿದ್ದರೆ, ಇಲ್ಲಿ ಗಿಡ ಕಿತ್ತದ್ದೂ ಪರಿಸರದ ಕೆಲಸವೇ ಆಯಿತು. ಯಾವ ಮರ, ಯಾರಿಗಾಗಿ ಎಂಬ ಪ್ರಶ್ನೆಯನ್ನು ಇಷ್ಟು ಸ್ಪಷ್ಟವಾಗಿ ಜನರ ಮುಂದಿಟ್ಟ ಪಾಠ ಇನ್ನೊಂದಿಲ್ಲ. ನೂರು ಸಸಿಯಿಂದ ಕಂಪನಿಗೆ ಆದ ನಷ್ಟ ಲೆಕ್ಕಕ್ಕಿಲ್ಲ. ಈ ಭೂಮಿಗೆ ಕೇಳುವವರಿದ್ದಾರೆ ಎಂಬುದು ಮಾತ್ರ ಬೆಂಗಳೂರಿಗೂ ದೆಹಲಿಗೂ ತಿಳಿಯಿತು. 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಮುಚ್ಚಿತು.

ಸಮುದಾಯದ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಗಣಿಯ ಮೊಕದ್ದಮೆಯಿಂದ. ಸಂಡೂರಿನ ಬೆಟ್ಟಗಳು ಕರಗಿ, ಹೊಸಪೇಟೆಯ ರಸ್ತೆಗಳಲ್ಲಿ ಅದಿರು ಲಾರಿಗಳ ಸಾಲು ಮುಗಿಯದಂತಿದ್ದ ದಿನಗಳವು. ಪಕ್ಕದ ಹೊಲಗಳ ಬೆಳೆಯ ಮೇಲೆ ಕೆಂಪು ದೂಳು. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಅವರ, ಅಕ್ರಮ ಗಣಿಗಾರಿಕೆ ಕುರಿತ ಮೊದಲ ವರದಿ 2008ರ ಡಿಸೆಂಬರಿನಲ್ಲಿ ಬಂದರೂ ಗಣಿಗಾರಿಕೆ ನಿಲ್ಲಲಿಲ್ಲ. 2009ರಲ್ಲಿ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು. ಅದರ ಪರ ವಾದಿಸಿದವರು ಪ್ರಶಾಂತ್ ಭೂಷಣ್. 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಗಣಿಗಾರಿಕೆ ನಿಲ್ಲಿಸಲು ಆದೇಶವಾಯಿತು.

ಆಮೇಲೆ ನಡೆದದ್ದು ಅಷ್ಟಾಗಿ ಸುದ್ದಿಯಾಗದ, ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದ ಕೆಲಸ. ಕೋರ್ಟು ನೇಮಿಸಿದ ಜಂಟಿ ತಂಡ ಒಂದೊಂದು ಗಣಿಯ ಗಡಿಯನ್ನೂ ಅಳೆಯಿತು. 166 ಗುತ್ತಿಗೆಗಳು ಎ, ಬಿ, ಸಿ ಎಂದು ಮೂರು ಪಾಲಾದವು. ಗಡಿಯಾಚೆ ತೋಡಿದ ಗುಂಡಿ ಗುತ್ತಿಗೆ ವಿಸ್ತೀರ್ಣದ ಶೇ 10ಕ್ಕಿಂತ, ಇಲ್ಲವೇ ಸುರಿದ ಮಣ್ಣಿನ ಗುಡ್ಡೆ ಶೇ 15ಕ್ಕಿಂತ ಹೆಚ್ಚಿದ್ದರೆ ಸಿ ವರ್ಗ. ಹಾಗೆ ಬಂದ 49 ಗುತ್ತಿಗೆಗಳು 2013ರ ಏಪ್ರಿಲ್ 18ರ ತೀರ್ಪಿನಲ್ಲಿ ರದ್ದಾದವು. ಉಳಿದವು ಮತ್ತೆ ಶುರುವಾಗಬೇಕಾದರೆ ಕೆಡಿಸಿದ ನೆಲವನ್ನು ಸರಿಪಡಿಸುವ ಯೋಜನೆ ಒಪ್ಪಬೇಕು, ಪರಿಹಾರ ಕಟ್ಟಬೇಕು: ಅಕ್ರಮ ಗುಂಡಿಗೆ ಹೆಕ್ಟೇರಿಗೆ 5 ಕೋಟಿ ರೂಪಾಯಿ, ಮಣ್ಣು ಸುರಿದ ಜಾಗಕ್ಕೆ 1 ಕೋಟಿ. ವರ್ಷಕ್ಕೆ ಇಷ್ಟೇ ಅದಿರು ಎಂಬ ಮಿತಿಯೂ ಬಂತು.

ಗಣಿ ನಿಂತಾಗ ಮೊದಲು ಹೊಡೆತ ಬಿದ್ದದ್ದು ಅಕ್ರಮದಿಂದ ಕೋಟಿ ಗಳಿಸಿದವರಿಗಲ್ಲ. ಸಾಲ ಮಾಡಿ ಲಾರಿ ಕೊಂಡವರಿಗೆ, ಕ್ಲೀನರ್‌ಗಳಿಗೆ, ದಿನಗೂಲಿಗೆ ಅದಿರು ಒಡೆಯುತ್ತಿದ್ದ ಹೆಂಗಸರಿಗೆ. ಇದನ್ನು ಹೇಳದೆ ಈ ಗೆಲುವನ್ನು ಹೊಗಳುವುದು ನ್ಯಾಯವಲ್ಲ. ಗಣಿಬಾಧಿತ ಹಳ್ಳಿಗಳ ಪುನಶ್ಚೇತನಕ್ಕೆಂದು ಕೂಡಿಟ್ಟ ಸಾವಿರಾರು ಕೋಟಿಯನ್ನು ಖರ್ಚು ಮಾಡಲು ಈಗ ರಾಜ್ಯದಲ್ಲಿ ಪ್ರತ್ಯೇಕ ನಿಗಮವೇ ಇದೆ. ಆ ದುಡ್ಡಿನ ಮೇಲೆ ಮೊದಲ ಹಕ್ಕು ಇಂಥವರದು. ಅದು ಅವರ ಊರಿನ ನೀರಿಗೆ, ಶಾಲೆಗೆ, ಆಸ್ಪತ್ರೆಗೆ ಮುಟ್ಟುವವರೆಗೆ ಹೋರಾಟ ಅರ್ಧವೇ.

ಅದಿರಿನ ಮಿತಿ ತೆಗೆಯಬೇಕೆಂದು ಗಣಿ ಮಾಲೀಕರು ಕೇಳಿದಾಗಲೂ ಸಮುದಾಯ ಕೋರ್ಟಿನಲ್ಲಿ ಎದುರು ನಿಂತಿತು. ಇದು ನಮ್ಮ ಮೊಮ್ಮಕ್ಕಳಿಗೂ ಸೇರಿದ ಸಂಪತ್ತು ಎಂಬುದು ಅದರ ವಾದ. 2022ರ ಆಗಸ್ಟಿನಲ್ಲಿ ಕೋರ್ಟು ಮಿತಿಯನ್ನು ಪೂರ್ತಿ ತೆಗೆಯಲಿಲ್ಲ, ಏರಿಸಿತು: ಬಳ್ಳಾರಿಗೆ 35 ದಶಲಕ್ಷ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಸೇರಿ 15 ದಶಲಕ್ಷ ಟನ್. ಆ ಆದೇಶ ಹೊರಬಿದ್ದದ್ದು, ಧಾರವಾಡದ ಈ ಸಂಸ್ಥೆ 2009ರಲ್ಲಿ ಸಲ್ಲಿಸಿದ್ದ 562ನೇ ರಿಟ್ ಅರ್ಜಿಯಲ್ಲೇ.