ಕಾವಲುಗಾರನಿಗೆ 19 ವರ್ಷ

ನಮ್ಮ ಬಿ.ಇ. ಕ್ಲಾಸಿನಲ್ಲಿ ರಂಗಭೂಮಿಯನ್ನು ಓಪನ್ ಎಲೆಕ್ಟಿವ್ ಆಗಿ ತೆಗೆದುಕೊಂಡವರಲ್ಲಿ ಹೆಚ್ಚಿನವರ ಲೆಕ್ಕಾಚಾರ ಒಂದೇ: ಸುಲಭದ ಕ್ರೆಡಿಟ್. ಲ್ಯಾಬ್ ಇಲ್ಲ, ಮೂರು ಅಸೈನ್‌ಮೆಂಟ್ ಬರೆದುಕೊಟ್ಟರೆ ಮುಗಿಯಿತು. ಬರೆಯುವುದೂ ಏಕೆ, ಸೀನಿಯರ್‌ಗಳ ಪಿಡಿಎಫ್ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಓಡಾಡುತ್ತಿರುತ್ತದೆ. ಹೆಸರು, ಯುಎಸ್‌ಎನ್ ಬದಲಿಸಿದರೆ ಸಾಕು. ಕಂಪನಿಗಳು ಸಿಜಿಪಿಎ ನೋಡಿಯೇ ಒಳಗೆ ಬಿಡುವ ಕಾಲ, ಆ ಆಸೆಯನ್ನು ನಾನು ಹೀಗಳೆಯಲಾರೆ.

ಮೊದಲ ಅಸೈನ್‌ಮೆಂಟಿಗೆ ಬಂದದ್ದು ಗಿರೀಶ ಕಾರ್ನಾಡರ ‘ತುಘಲಕ್’. 1964ರ ನಾಟಕ, 13 ದೃಶ್ಯ. ಯಾವುದಾದರೂ ಒಂದು ದೃಶ್ಯವನ್ನು ರಂಗದ ಮೇಲೆ ಹೇಗೆ ತರುತ್ತೀರಿ, ಏಕೆ ಹಾಗೆ ಎಂದು 1,000 ಪದಗಳಲ್ಲಿ ಬರೆಯಬೇಕು. ಪಿಡಿಎಫ್‌ನಲ್ಲಿ ಇದ್ದದ್ದು ಬರೀ ಕಥೆ.

ನಾನು ಆರಿಸಿದ್ದು ದೌಲತಾಬಾದ್ ಕೋಟೆಯ ರಾತ್ರಿ. ಇಬ್ಬರು ಕಾವಲುಗಾರರು. ಹಿರಿಯವನು ದಿಲ್ಲಿಯಿಂದ ಬರುವ ದಾರಿಯಲ್ಲಿ ತನ್ನವರನ್ನು ಕಳೆದುಕೊಂಡವನು. ಇನ್ನೊಬ್ಬ ಹುಡುಗ. ಅಲ್ಲಿಗೆ ಬರುವ ಸುಲ್ತಾನ ಹುಡುಗನ ವಯಸ್ಸು ಕೇಳುತ್ತಾನೆ. 19. ನನಗಿಂತ ಒಂದೇ ವರ್ಷ ಚಿಕ್ಕವನು! ಸುಲ್ತಾನನಿಗೆ ತನ್ನ 21ನೇ ವಯಸ್ಸು ನೆನಪಾಗುತ್ತದೆ.

ಮೊದಲ ಕರಡಿನಲ್ಲಿ ಕಥೆಯೇ ನಾಲ್ಕು ಪುಟ. ಮೊದಲ ಕರಡು ಇರುವುದೇ ಅದಕ್ಕೆ, ಕಥೆ ಖಾಲಿಯಾಗಲಿ ಎಂದು. ಆಮೇಲೆ ಲ್ಯಾಬ್ ರೆಕಾರ್ಡಿನ ಅಭ್ಯಾಸ ಕೈಹಿಡಿಯಿತು. ಹಾಳೆಯನ್ನು ಎರಡು ಕಾಲಂ ಮಾಡಿದೆ: ಪಠ್ಯದಲ್ಲಿ ಇರುವುದು, ನಾನು ತೀರ್ಮಾನಿಸುವುದು. ಎರಡರಲ್ಲೂ ಸೇರದ ವಾಕ್ಯಕ್ಕೆ ಗೀಟು. ‘ಅದ್ಭುತ’, ‘ಮನಮುಟ್ಟುವ’ ಎಲ್ಲ ಅಲ್ಲೇ ಹೋದವು.

‘ಮಂದ ಬೆಳಕು’ ಮಾತ್ರ ಉಳಿದಿತ್ತು. ಕರಡು ನೋಡಿದ ನಮ್ಮ ಮೇಷ್ಟ್ರು ಅದರ ಪಕ್ಕ ಪೆನ್ಸಿಲ್ಲಿನಲ್ಲಿ ಬರೆದರು: ‘ಎಲ್ಲಿಂದ?’

ಆ ಒಂದು ಪದಕ್ಕೆ ಎರಡು ಸಂಜೆ ಹಿಡಿಯಿತು. ಬೆಳಕು ಮೇಲಿನಿಂದ ಬಿದ್ದರೆ ಸುಲ್ತಾನ ಎಲ್ಲಿ ನಿಂತರೂ ನಡೆಯುತ್ತದೆ. ಪಂಜು ಹುಡುಗನ ಕೈಯಲ್ಲಿದ್ದರೆ? ಸುಲ್ತಾನನೇ ಅವನ ಹತ್ತಿರಕ್ಕೆ ಬರಬೇಕು, ಇಲ್ಲದಿದ್ದರೆ ಯಾರಿಗೂ ಕಾಣುವುದಿಲ್ಲ. ದೊರೆ ಒಬ್ಬ ಕಾವಲುಗಾರನ ಬೆಳಕಿನೊಳಗೆ ಬಂದು ವಯಸ್ಸು ಕೇಳುತ್ತಾನೆ. ತನ್ನ ಹಳೆಯ ಕನಸುಗಳನ್ನು ಹೇಳುತ್ತಾ ಹೋದಂತೆ ಹುಡುಗನ ಕೈ ಸೋತು ಪಂಜು ನಿಧಾನ ಕೆಳಗಿಳಿಯುತ್ತದೆ, ಸುಲ್ತಾನನ ಮುಖ ಕತ್ತಲಿಗೆ ಸರಿಯುತ್ತದೆ. ಹುಡುಗನಿಗೆ ಅದು ಗೊತ್ತೂ ಆಗುವುದಿಲ್ಲ. ನನ್ನ ಇಡೀ ಪ್ರಬಂಧ ನಿಂತದ್ದು ಈ ಕೈಯ ಮೇಲೆ.

ಉಳಿದದ್ದು ಭಾಷೆ. ಇಂಗ್ಲಿಷಿನಲ್ಲೂ ಬರೆಯಬಹುದಿತ್ತು, ಕಾರ್ನಾಡರೇ ಈ ನಾಟಕವನ್ನು ಇಂಗ್ಲಿಷಿಗೆ ತಂದಿದ್ದಾರೆ. ಆದರೆ ನಾಟಕ ಹುಟ್ಟಿದ ಭಾಷೆಯಲ್ಲೇ ಬರೆಯೋಣ ಅನ್ನಿಸಿತು. ರೆಕಾರ್ಡ್ ಬರೆದು ರೂಢಿಯಾದ ಕೈಗೆ ‘ಬಳಸಲಾಗಿದೆ’, ‘ಗಮನಿಸಲಾಯಿತು’ ತಾನಾಗಿ ಬರುತ್ತವೆ. ರಂಗದ ಮೇಲೆ ಯಾವುದೂ ತಾನಾಗಿ ‘ಬಳಸಲ್ಪಡುವುದಿಲ್ಲ’, ಯಾರೋ ಒಬ್ಬರು ಮಾಡಬೇಕು. ‘ಪಂಜನ್ನು ಬಳಸಲಾಗಿದೆ’ ಹೋಗಿ ‘ಹುಡುಗ ಪಂಜು ಹಿಡಿದಿದ್ದಾನೆ’ ಬಂತು. ಕೊನೆಗೆ ಹಾಸ್ಟೆಲಿನಲ್ಲಿ ರೂಮ್‌ಮೇಟ್‌ಗೆ ಗಟ್ಟಿಯಾಗಿ ಓದಿದೆ. ಉಸಿರು ಕಟ್ಟಿದಲ್ಲೆಲ್ಲ ವಾಕ್ಯ ತುಂಡಾಯಿತು. ಮೆಕ್ಯಾನಿಕಲ್ ಓದುವ ಅವನು ಕೇಳಿದ್ದು ಒಂದೇ: ‘ಅಷ್ಟು ಹೊತ್ತು ಪಂಜು ಹಿಡಿದರೆ ಕೈ ನಿಜವಾಗಿ ಸೋಲುತ್ತದಾ?’ ಬಕೆಟ್ಟಿಗೆ ನೀರು ತುಂಬಿಸಿ ಕೈಚಾಚಿ ಹಿಡಿದು ನೋಡಿದೆವು. ಸೋಲುತ್ತದೆ.

ಒಪ್ಪಿಸಿದ್ದಾಯಿತು. ಮುಂದಿನದು ನೋಡಿದ ನಾಟಕದ ವಿಮರ್ಶೆ. ಈ ಭಾನುವಾರಕ್ಕೆ ಟಿಕೆಟ್ ತೆಗೆದಿದ್ದೇನೆ, ಮೂರನೇ ಸಾಲು. ಕತ್ತಲಲ್ಲಿ ಗೀಚಿಕೊಳ್ಳಲು ದಪ್ಪ ಮೊನೆಯ ಪೆನ್ಸಿಲ್ ಒಂದನ್ನೂ ಕೊಂಡಿದ್ದೇನೆ.