ಪುಟದಲ್ಲಿ ಚಿತ್ರಕ್ಕೊಂದು ನೆಲೆ

ಪುಟದ ಮೇಲೆ ಚಿತ್ರವೊಂದು ಅಲುಗದೆ ನಿಲ್ಲಬೇಕಾದರೆ ಅದನ್ನು ಹಿಡಿದಿಡುವ ಆಧಾರವೊಂದು ಬೇಕು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಆ ಆಧಾರವನ್ನು ಕಬ್ಬಿಣ ಮತ್ತು ಮರ ಒದಗಿಸುತ್ತಿದ್ದವು. ಇಂದಿನ ವರ್ಡ್ ಪ್ರೊಸೆಸರ್, ಅಂದರೆ ಬರಹವನ್ನು ಬೆರಳಚ್ಚಿಸಿ ತಿದ್ದಿ ಪುಟಗಳಾಗಿ ಹೊಂದಿಸುವ ತಂತ್ರಾಂಶದಲ್ಲಿ, ಅದನ್ನು ಒದಗಿಸುವುದು ಕೇವಲ ಲೆಕ್ಕಾಚಾರ. ಬೆಂಗಳೂರಿನ ಚಾಮರಾಜಪೇಟೆ ಈ ಎರಡೂ ವಿಧಾನಗಳನ್ನು ಬಲ್ಲ ಬಡಾವಣೆ. 1915ರಲ್ಲಿ ಸ್ಥಾಪನೆಯಾಗಿ ಅಚ್ಚುಮೊಳೆಯ ಯುಗವನ್ನು ಹಾದುಬಂದ ಕನ್ನಡ ಸಾಹಿತ್ಯ ಪರಿಷತ್ತು ಅಲ್ಲಿದೆ. ಕನ್ನಡ ಬೆರಳಚ್ಚಿನ ‘ನುಡಿ’ ತಂತ್ರಾಂಶವನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತೂ ಅಲ್ಲಿಯೇ ಇದೆ.

ಅಚ್ಚುಕೂಟದಲ್ಲಿ ಚಿತ್ರವನ್ನು ಲೋಹದ ತಗಡಿನ ಮೇಲೆ ಕೊರೆಸಿ, ಮೊಳೆಗಳ ಎತ್ತರಕ್ಕೆ ಸಮನಾಗುವಂತೆ ಮರದ ತುಂಡಿಗೆ ಕೂರಿಸಿದ ಅಚ್ಚನ್ನು ಬ್ಲಾಕ್ ಎನ್ನುತ್ತಿದ್ದರು. ಆ ಬ್ಲಾಕನ್ನೂ ಅದರ ಸುತ್ತಲಿನ ಮೊಳೆಗಳ ಸಾಲುಗಳನ್ನೂ ಚೇಸ್ ಎಂಬ ಕಬ್ಬಿಣದ ಚೌಕಟ್ಟಿನೊಳಗೆ ಇಟ್ಟು, ಖಾಲಿ ಜಾಗಕ್ಕೆ ಮರದ ಪಟ್ಟಿಗಳನ್ನು ತುಂಬಿ, ಬೆಣೆ ಬಿಗಿದು ಬಂಧಿಸಿದ ಮೇಲೆ ಯಾವುದೂ ಕದಲುತ್ತಿರಲಿಲ್ಲ. ಕರಡಿನಲ್ಲಿ ಒಂದು ಸಾಲು ಹೆಚ್ಚಾದರೆ ಬಿಗಿ ಸಡಿಲಿಸಿ, ಉಳಿದ ಸಾಲುಗಳನ್ನು ಕೈಯಿಂದಲೇ ಮುಂದಿನ ಪುಟಕ್ಕೆ ಸಾಗಿಸಬೇಕಾಗುತ್ತಿತ್ತು. ಆದ್ದರಿಂದ ಚಿತ್ರ ಎಲ್ಲಿಗೆ ಹೋಗಬೇಕೆಂಬ ತೀರ್ಮಾನ ಸದಾ ಮನುಷ್ಯನದೇ ಆಗಿರುತ್ತಿತ್ತು.

ವರ್ಡ್ ಪ್ರೊಸೆಸರಿನಲ್ಲಿ ಅಂಥ ಚೌಕಟ್ಟಿಲ್ಲ. ಅದರ ಕಡತದಲ್ಲಿರುವುದು ಮುಖ್ಯವಾಗಿ ಒಂದರ ಹಿಂದೊಂದು ಸಾಗುವ ಪ್ಯಾರಾಗಳ ಸರಣಿ. ಅಕ್ಷರಗಳ ಅಗಲವನ್ನು ಕೂಡಿಸಿ ಸಾಲು ಮುರಿಯುವುದು, ಸಾಲುಗಳ ಎತ್ತರವನ್ನು ಕೂಡಿಸಿ ಪುಟ ಮುರಿಯುವುದು, ಇವೆಲ್ಲ ಪ್ರತಿ ತಿದ್ದುಪಡಿಯ ಬಳಿಕ ಹೊಸದಾಗಿ ನಡೆಯುವ ಗಣಿತ. ಆದಕಾರಣ ಏಳನೆಯ ಪುಟವೆಂಬುದು ಸ್ಥಿರವಾದ ಸ್ಥಳವಲ್ಲ, ಆ ಕ್ಷಣದ ಲೆಕ್ಕದ ಫಲ. ಚಿತ್ರಗಳು ತಾವಾಗಿಯೇ ಜಾರಿದಂತೆ ತೋರುವುದರ ಮೂಲ ಕಾರಣ ಇದೇ.

ಮೈಕ್ರೋಸಾಫ್ಟ್ ವರ್ಡ್ ಚಿತ್ರವನ್ನು ಎರಡು ಬಗೆಯಲ್ಲಿ ಇರಿಸುತ್ತದೆ. ‘ಇನ್ ಲೈನ್ ವಿತ್ ಟೆಕ್ಸ್ಟ್’ ಎಂಬ ಮೊದಲನೆಯ ಬಗೆಯಲ್ಲಿ ಚಿತ್ರವು ಸಾಲಿನೊಳಗಿನ ಒಂದು ದೊಡ್ಡ ಅಕ್ಷರದಂತೆ ವರ್ತಿಸುವುದರಿಂದ, ಹಿಂದಿನ ಮಾತು ಬೆಳೆದಷ್ಟೂ ಅದು ಮುಂದಕ್ಕೆ ಸರಿಯುತ್ತದೆಯೇ ಹೊರತು ತನ್ನ ಮಾತಿನಿಂದ ಅಗಲುವುದಿಲ್ಲ. ಸಾಲುಗಳ ಅಂತರವನ್ನು ‘ಎಕ್ಸಾಕ್ಟ್ಲಿ’ ಎಂದು ನಿಗದಿಗೊಳಿಸಿದ್ದರೆ ಮಾತ್ರ ಇಂಥ ಚಿತ್ರದ ಒಂದು ಸಾಲಿನಷ್ಟು ಪಟ್ಟಿಯಷ್ಟೇ ಕಾಣುತ್ತದೆ. ಅಂತರವನ್ನು ‘ಸಿಂಗಲ್’ ಎಂದು ಬದಲಿಸಿದರೆ ಪೂರ್ಣ ಚಿತ್ರ ಮರಳುತ್ತದೆ. ಎರಡನೆಯ ಬಗೆಯಲ್ಲಿ ಚಿತ್ರವು ಸಾಲಿನಿಂದ ಹೊರಬಂದು ತೇಲುತ್ತದೆ, ಮಾತು ಅದರ ಸುತ್ತ ಹರಿಯುತ್ತದೆ. ಆದರೂ ಅದು ಯಾವುದೋ ಒಂದು ಪ್ಯಾರಾಕ್ಕೆ ಕಟ್ಟಿಕೊಂಡೇ ಇರುತ್ತದೆ. ಆ ಕಟ್ಟಿಗೆ ಆಂಕರ್, ಅಂದರೆ ಲಂಗರು, ಎಂದು ಹೆಸರು; ಅದನ್ನು ತೋರಿಸುವುದೂ ಹಡಗಿನ ಲಂಗರಿನ ಗುರುತಿನಿಂದಲೇ.

ಈ ಲಂಗರಿನ ಸ್ವಭಾವವನ್ನು ಅರಿಯದಿರುವುದೇ ಬಹುಪಾಲು ತೊಂದರೆಗಳ ಮೂಲ. ‘ಫಿಕ್ಸ್ ಪೊಸಿಷನ್ ಆನ್ ಪೇಜ್’ ಎಂಬ ಆಯ್ಕೆ ಚಿತ್ರಕ್ಕೆ ಪುಟದೊಳಗಿನ ಜಾಗವನ್ನು ನಿಗದಿಗೊಳಿಸುತ್ತದೆ, ಆದರೆ ಪುಟವನ್ನಲ್ಲ. ಲಂಗರು ಬಿದ್ದ ಪ್ಯಾರಾ ಮುಂದಿನ ಪುಟಕ್ಕೆ ಹೋದರೆ ಚಿತ್ರವೂ ಹೋಗಿ ಅಲ್ಲಿ ಅದೇ ಜಾಗದಲ್ಲಿ ನಿಲ್ಲುತ್ತದೆ. ‘ಲಾಕ್ ಆಂಕರ್’ ಎಂಬುದು ಲಂಗರು ಬೇರೆ ಪ್ಯಾರಾಕ್ಕೆ ಹೋಗದಂತೆ ತಡೆಯುತ್ತದೆಯೇ ವಿನಾ ಚಿತ್ರವನ್ನು ಕಾಗದಕ್ಕೆ ಅಂಟಿಸುವುದಿಲ್ಲ. ಲಂಗರಿರುವ ಇಡೀ ಪ್ಯಾರಾವನ್ನು ಅಳಿಸಿದರೆ ಚಿತ್ರವೂ ಅಳಿಯುತ್ತದೆ. ಚಿತ್ರವನ್ನು ನಿಜವಾಗಿ ಪುಟಕ್ಕೇ ಕಟ್ಟುವ ಆಯ್ಕೆ ಲಿಬ್ರೆಆಫೀಸ್ ರೈಟರ್ ಎಂಬ ಇನ್ನೊಂದು ವರ್ಡ್ ಪ್ರೊಸೆಸರಿನಲ್ಲಿದೆ.

ಕೋಷ್ಟಕವೂ ಮಾತಿನ ಹರಿವಿಗೆ ಸೇರಿದ್ದೇ. ಅದರ ಸಾಲೊಂದು ಎರಡು ಪುಟಗಳ ನಡುವೆ ಸೀಳಿಹೋಗದಂತೆ ‘ಅಲೌ ರೋ ಟು ಬ್ರೇಕ್ ಅಕ್ರಾಸ್ ಪೇಜಸ್’ ಎಂಬ ಗುರುತನ್ನು ತೆಗೆಯಬೇಕು; ಶೀರ್ಷಿಕೆಯ ಸಾಲು ಪ್ರತಿ ಪುಟದಲ್ಲೂ ಮರಳಿ ಬರಲು ‘ರಿಪೀಟ್ ಹೆಡರ್ ರೋಸ್’ ಬೇಕು; ಚಿಕ್ಕ ಕೋಷ್ಟಕ ಒಡೆಯದೆ ಒಂದೇ ಪುಟದಲ್ಲಿರಲು ಕೊನೆಯದೊಂದನ್ನು ಬಿಟ್ಟು ಉಳಿದೆಲ್ಲ ಸಾಲುಗಳಿಗೆ, ಮುಂದಿನ ಪ್ಯಾರಾದೊಡನೆ ಕೂಡಿಯೇ ಇರುವಂತೆ ಮಾಡುವ ‘ಕೀಪ್ ವಿತ್ ನೆಕ್ಸ್ಟ್’ ಗುಣವನ್ನು ಕೊಡಬೇಕು. ಚಿತ್ರವನ್ನು ಅದರ ಅಡಿಬರಹದಿಂದ ಅಗಲದಂತೆ ಹಿಡಿಯುವುದೂ ಇದೇ ಗುಣ.

ಕನ್ನಡದ ಕಡತಗಳಲ್ಲಿ ಚಿತ್ರ ಜಾರುವುದಕ್ಕೆ ಇನ್ನೊಂದು ವಿಶೇಷ ಕಾರಣವಿದೆ. ‘ನುಡಿ’ಯ ಹಳೆಯ ಅಕ್ಷರಶೈಲಿಗಳಲ್ಲಿ ಸಂಕೇತಗಳು ನಿಂತಿದ್ದುದು ಅಕ್ಷರಕ್ಕಲ್ಲ, ಅಕ್ಷರದ ಆಕಾರದ ತುಣುಕುಗಳಿಗೆ. ಆ ಶೈಲಿ ಇಲ್ಲದ ಗಣಕದಲ್ಲಿ ಅದೇ ಕಡತ ರೋಮನ್ ಅಕ್ಷರಗಳ ಗೋಜಲಾಗಿ ತೆರೆದುಕೊಂಡು, ಅಗಲಗಳು ಬದಲಾಗಿ ಸಾಲುಗಳೆಲ್ಲ ಬೇರೆಡೆ ಮುರಿಯುತ್ತವೆ. ಅಕ್ಷರಗಳಿಗೇ ಸಂಕೇತ ನೀಡುವ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡವಿದೆ; ಅಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳ ಸರಣಿ. ಯೂನಿಕೋಡಿಗೆ ಬಂದ ಮೇಲೂ ಸಮಸ್ಯೆ ಪೂರ್ತಿ ಮುಗಿಯುವುದಿಲ್ಲ, ಏಕೆಂದರೆ ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಜಾಗ ಬೇಡುತ್ತವೆ, ಅದಕ್ಕಾಗಿ ತುಂಗಾ, ನಿರ್ಮಲಾ, ನೋಟೋ ಮುಂತಾದ ಶೈಲಿಗಳು ಬಿಡುವ ಎತ್ತರ ಒಂದೇ ಸಮನಿಲ್ಲ. ಶೈಲಿ ಬದಲಾದರೆ ಪುಟದಲ್ಲಿ ಹಿಡಿಯುವ ಸಾಲುಗಳ ಸಂಖ್ಯೆ ಬದಲಾಗುತ್ತದೆ, ಅದರೊಡನೆ ಚಿತ್ರದ ಪುಟವೂ ಬದಲಾಗುತ್ತದೆ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯ ಬಗ್ಗೆ ಒಂದು ಲೇಖನವಿದೆಯೆಂದು ಭಾವಿಸಿದರೆ, ದೊಡ್ಡ ಬಸವನ ಗುಡಿಯ ಚಿತ್ರಕ್ಕೆ ಸೇರಬೇಕಾದ ಜಾಗ ಮೂರನೆಯ ಪುಟದ ಬಲಮೂಲೆಯಲ್ಲ, ಆ ಗುಡಿಯನ್ನು ವರ್ಣಿಸುವ ಪ್ಯಾರಾ. ಎಂಟರ್ ಕೀಲಿಯನ್ನು ಹತ್ತು ಬಾರಿ ಒತ್ತಿ ಖಾಲಿ ಸಾಲುಗಳಿಂದ ಚಿತ್ರವನ್ನು ಕೆಳಗೆ ನೂಕುವುದು ಚಿತ್ರವನ್ನು ಪುಟಕ್ಕೆ ಕಟ್ಟುವ ವ್ಯರ್ಥ ಯತ್ನ. ಮೇಲೆ ಒಂದು ವಾಕ್ಯ ಸೇರಿದೊಡನೆ ಅದು ಕುಸಿಯುತ್ತದೆ. ಮಾತಿಗೆ ಕಟ್ಟಿದ ಚಿತ್ರ ಯಾವ ಪುಟಕ್ಕೆ ಹೋದರೂ ಅರ್ಥಪೂರ್ಣವಾಗಿಯೇ ಇರುತ್ತದೆ.

ಆದುದರಿಂದ ಪ್ರಬಂಧ, ಸ್ಮರಣಸಂಚಿಕೆ, ಅಭಿನಂದನ ಗ್ರಂಥಗಳನ್ನು ಸಿದ್ಧಪಡಿಸುವವರು ಮೊದಲು ಬರಹವನ್ನು ಯೂನಿಕೋಡಿಗೆ ತಂದು, ಒಂದೇ ಅಕ್ಷರಶೈಲಿಯನ್ನು ನಿಶ್ಚಯಿಸಿ, ಕರಡು ತಿದ್ದುವುದನ್ನು ಮುಗಿಸಿ, ಆಮೇಲಷ್ಟೇ ಚಿತ್ರ ಮತ್ತು ಕೋಷ್ಟಕಗಳನ್ನು ಸಂಬಂಧಿಸಿದ ಪ್ಯಾರಾಕ್ಕೆ ಸೇರಿಸುವುದು ಒಳಿತು. ಮುದ್ರಣಕ್ಕೆ ಕೊಡುವಾಗ ಅಕ್ಷರಶೈಲಿಯನ್ನು ಒಳಗೊಂಡ ಪಿಡಿಎಫ್ ಕಡತವನ್ನೇ ಕೊಡಬೇಕು. 1993ರಲ್ಲಿ ಅಡೋಬಿ ಸಂಸ್ಥೆ ಹೊರತಂದು 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಈ ರೂಪದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಚಿತ್ರಕ್ಕೂ ಪುಟದ ಮೇಲಿನ ಸ್ಥಾನ ನಿಗದಿಯಾಗಿರುತ್ತದೆ. ಅಚ್ಚುಕೂಟದಲ್ಲಿ ಬೆಣೆ ಬಿಗಿಯುವ ಕೆಲಸವನ್ನು ಇಂದು ಮಾಡುವುದು ಅದೇ. ಬೆಣೆ ಬಿಗಿಯುವುದು ಅಂದು ಕೊನೆಯ ಕೆಲಸವಾಗಿತ್ತು; ಇಂದೂ ಅದು ಕೊನೆಯ ಕೆಲಸವಾಗಿಯೇ ಇರಬೇಕು.